ಎರಡು ನಾಣ್ಯದೆತ್ತರದ ಗರಿಕೆ

ಗಾಲ್ಫಿನಲ್ಲಿ ನನ್ನ ಆಟ ಅಷ್ಟಕ್ಕಷ್ಟೆ. ಆದರೂ ವಾರಕ್ಕೆರಡು ದಿನ ಬೆಳಕು ಹರಿಯುವ ಮೊದಲೇ ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿರುತ್ತೇನೆ. ನನಗೆ ಬೇಕಾದದ್ದು ಹುಲ್ಲು.

ಆ ಹೊತ್ತಿಗೆ ಗ್ರೀನ್, ಎಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ ಮೇಲೆ ಮಾಲಿಯೊಬ್ಬ ಉದ್ದನೆಯ ಬಳುಕುವ ಕೋಲನ್ನು ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುತ್ತಾನೆ. ಕೋಲು ಸವರಿದಲ್ಲೆಲ್ಲ ಬೆಳ್ಳನೆಯ ಇಬ್ಬನಿ ಒಡೆದಿಳಿದು, ಕಡುಹಸಿರಿನ ಕಮಾನೊಂದು ಮೂಡುತ್ತದೆ. ಅದರ ಪಕ್ಕ ಇನ್ನೊಂದು, ಮತ್ತೊಂದು. ಎಲೆಯ ಮೇಲೆ ನೀರು ನಿಂತರೆ ಶಿಲೀಂಧ್ರ ರೋಗ ತಗಲುತ್ತದೆ, ಅದಕ್ಕಾಗಿ ಈ ಉಪಚಾರ. ರಂಗೋಲಿ ಎಳೆಯುವ ಕೈಗೂ ಇಷ್ಟು ನಯ ಇರುವುದು ಅಪರೂಪ.

ಇಂಗ್ಲಿಷಿನವರು ಬರ್ಮುಡಾ ಎನ್ನುವ ಈ ಹುಲ್ಲು ನಮ್ಮ ಗರಿಕೆಯೇ. ಗ್ರೀನಿನಲ್ಲಿರುವುದು ಅದರ ಕುಳ್ಳ ಮಗಳು. ಗರಿಕೆಯನ್ನು ಆಫ್ರಿಕಾದ ಸಣ್ಣ ಎಳೆಯ ಸೋದರ ಜಾತಿಯೊಡನೆ ಬೆಸೆದು ಅಮೆರಿಕದ ಜಾರ್ಜಿಯಾದ ಟಿಫ್ಟನ್ ಊರಿನಲ್ಲಿ ಹಲವು ತಳಿ ತೆಗೆದರು. 1965ರಲ್ಲಿ ಹೊರಬಂದ ಟಿಫ್‌ಡ್ವಾರ್ಫ್ ಅವುಗಳಲ್ಲೊಂದು. ಇದು ಬೀಜ ಕಟ್ಟುವುದಿಲ್ಲ. ನಮ್ಮ ಬಾಳೆಯ ಹಾಗೆ. ಗಿಣ್ಣಿರುವ ಬಳ್ಳಿತುಂಡನ್ನೇ ನೆಟ್ಟು ಹಬ್ಬಿಸಬೇಕು.

ಇದನ್ನು ಕತ್ತರಿಸುವ ಎತ್ತರ 3ರಿಂದ 4 ಮಿಲಿಮೀಟರ್. ಎರಡು ನಾಣ್ಯ ಒಂದರ ಮೇಲೊಂದಿಟ್ಟರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು! ಅದಕ್ಕೆ ಬೇಕಾದ ಉರುಳೆಯಂತ್ರವನ್ನು 1830ರಲ್ಲಿ ರೂಪಿಸಿದವನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್. ಉಣ್ಣೆಬಟ್ಟೆಯ ಮೇಲೆದ್ದ ಜುಂಗನ್ನು ಸವರುವ ಗಿರಣಿಯಂತ್ರ ಕಂಡು ಹೊಳೆದ ಉಪಾಯವಂತೆ. ಹುಲ್ಲನ್ನು ಬಟ್ಟೆಯೆಂದು ಬಗೆದ ಆ ಕಣ್ಣಿಗೆ ನಮಸ್ಕಾರ. ನಮ್ಮ ಮಾಲಿ ಪ್ರತಿದಿನ ಅಲಗಿನ ನಡುವೆ ಕಾಗದದ ಚೂರೊಂದನ್ನಿಟ್ಟು ಉರುಳೆಯನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತಾನೆ. ಸರ್ರನೆ ತುಂಡಾದರೆ ಸರಿ. ಕಾಗದ ಮಡಿಚಿಕೊಂಡಿತೋ, ಯಂತ್ರ ಅಂದು ಗ್ರೀನ್ ಹತ್ತುವಂತಿಲ್ಲ. ಮೊಂಡು ಅಲಗು ಹುಲ್ಲನ್ನು ಹರಿಯುತ್ತದೆ. ಹರಿದ ತುದಿ ಒಣಗಿ, ಮಧ್ಯಾಹ್ನದ ಹೊತ್ತಿಗೆ ಇಡೀ ಗ್ರೀನ್ ಬೂದಿ ಬಳಿದಂತಾಗುತ್ತದೆ.

ಬೇಸಿಗೆಯೆಂದರೆ ನೀರಿನ ಲೆಕ್ಕಾಚಾರ, ಅಷ್ಟೆ. ನನ್ನ ಜೀವ ಕಾಯುವುದು ಜೂನ್‌ಗೆ. ಸೆಕೆಯುಂಡ ಗರಿಕೆಯ ಮೇಲೆ ಮೊದಲ ಮಳೆ ಬಿದ್ದು ಅದಕ್ಕೆ ಹುರುಪು ಬಂದಿರುತ್ತದೆ. ಆಗ ಗ್ರೀನ್ ತುಂಬ ತೂತು ಹೊಡೆಯುತ್ತಾರೆ. ಟೊಳ್ಳು ಮೊಳೆಗಳ ಯಂತ್ರ ಠಕಠಕನೆ ಕುಣಿಯುತ್ತ ಸಾಗಿದ ಹಾದಿಯಲ್ಲಿ ಬೆರಳುಗಾತ್ರದ ಮಣ್ಣುಗುಳಿಗೆಗಳು ಸಾವಿರಗಟ್ಟಲೆ ಉದುರುತ್ತವೆ. ಸದಸ್ಯರು ಗೊಣಗುತ್ತಾರೆ, ಚೆಂಡು ಕುಪ್ಪಳಿಸುತ್ತದೆಂದು. ಗೊಣಗಲಿ.

ನಾನೊಂದು ಗುಳಿಗೆ ಎತ್ತಿಕೊಂಡು ಅಂಗೈಯಲ್ಲಿ ಉದ್ದಕ್ಕೆ ಸೀಳುತ್ತೇನೆ. ತುದಿಯಲ್ಲಿ ಹಸಿರು ಟೋಪಿ. ಅದರ ಕೆಳಗೆ ಸ್ಪಂಜಿನಂತೆ ಅದುಮಿಕೊಳ್ಳುವ ಕಂದು ನಾರು. ಸತ್ತ ಕಾಂಡಬೇರುಗಳ ಈ ಹಾಸು ದಪ್ಪವಾದರೆ ನೀರೂ ಗಾಳಿಯೂ ಕೆಳಗಿಳಿಯವು; ತೂತು ಹೊಡೆಯುವುದು ಅದಕ್ಕೇ. ಆಮೇಲೆ ತೆಳ್ಳನೆಯ ಮರಳು, ಕಪ್ಪುಗೆರೆ, ಮತ್ತೆ ಮರಳು; ಹಿಂದಿನ ವರ್ಷಗಳ ಆರೈಕೆಯೆಲ್ಲ ಚಿರೋಟಿಯ ಪದರಗಳಂತೆ ಒಂದರ ಮೇಲೊಂದು. ಇವೆಲ್ಲವನ್ನೂ ದಾಟಿ ನೇರ ಇಳಿದ ಒಂದೇ ಒಂದು ಬಿಳಿ ಬೇರು, ದಾರಕ್ಕಿಂತ ಸಣ್ಣದು. ಮೂಗಿಗೆ ಹಿಡಿದರೆ ಹಸಿಮಣ್ಣು, ಒಂಚೂರು ಅಣಬೆ, ಒಂಚೂರು ಮಳೆ.

ಗುಳಿಗೆಗಳನ್ನು ಗುಡಿಸಿದ ಮೇಲೆ ಜರಡಿ ಹಿಡಿದ ಒಣಮರಳನ್ನು ಹರಡಿ, ಮೆತ್ತನೆಯ ಬ್ರಷ್‌ನಿಂದ ಎಳೆಯುತ್ತಾರೆ. ಮರಳು ಸದ್ದಿಲ್ಲದೆ ತೂತುಗಳೊಳಗೆ ಜಾರುತ್ತದೆ. ಕೆಲವೇ ವಾರಗಳಲ್ಲಿ ಬಳ್ಳಿ ಎರಡೂ ಕಡೆಯಿಂದ ಕೈಚಾಚಿ ಗಾಯವನ್ನು ಮುಚ್ಚಿಬಿಡುತ್ತದೆ. ಡಿಸೆಂಬರಿನ ಚಳಿಯಲ್ಲಿ ಇದನ್ನೇ ಮಾಡಿದರೆ ತೂತು ತೂತಾಗಿಯೇ ಉಳಿದೀತು; ಗರಿಕೆ ಬಿಸಿಲ ಮಗಳು, ಚಳಿಗೆ ಮುದುಡುತ್ತಾಳೆ.

ಕಳೆದ ಚೌತಿಯ ಹಿಂದಿನ ದಿನ, ಗ್ರೀನ್ ಪೂರ್ತಿ ಮಾಗಿ ರೇಷ್ಮೆಯಾಗಿತ್ತು. ಮಾಲಿ ಮಾತ್ರ ದೂರದಲ್ಲಿ, ಉದ್ದ ಹುಲ್ಲಿನ ರಫ್‌ನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಪೂಜೆಗೆ ಗರಿಕೆ ಕೀಳುತ್ತಿದ್ದ.

"ಅಷ್ಟು ಚೆನ್ನಾಗಿ ಸಾಕಿರೋದು ಬಿಟ್ಟು ಇಲ್ಲೇನಪ್ಪಾ?" ಅಂದೆ.

"ಅದನ್ನ ಚಿವುಟೋ ಅಷ್ಟಾದ್ರೂ ಬೆಳೆಯಕ್ಕೆ ಬಿಟ್ಟಿದ್ದೀವಾ ಸಾರ್?" ಎಂದು ನಕ್ಕು, ಇಪ್ಪತ್ತೊಂದು ಎಣಿಸಿ ಬಾಳೆನಾರಿನಲ್ಲಿ ಕಟ್ಟಿದ. ನನಗೂ ಒಂದು ಕಟ್ಟು ಕೊಟ್ಟ.