ಹೃದಯಚಿತ್ರವೂ ಯಂತ್ರಾನುಮಾನವೂ

ಹೃದಯದ ಚಿತ್ರವನ್ನು ನೋಡಿ ರೋಗಿಯ ಆಯುಸ್ಸನ್ನು ಯಂತ್ರವು ವೈದ್ಯನಿಗಿಂತ ಚೆನ್ನಾಗಿ ಹೇಳಬಲ್ಲುದೆಂಬ ಮಾತು ಈಚೆಗೆ ವಿದ್ವಜ್ಜನರಲ್ಲಿಯೂ ಕೇಳಿಬರುತ್ತಿದೆ. ಈ ಮಾತಿಗೆ ಆಧಾರವಾದ ಬರಹಗಳಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಘಾಲಿಬ್ ಬೆಲ್ಲೊ, ಡೆಕ್ಲನ್ ಓ’ರೀಗನ್ ಮೊದಲಾದವರು 2019ರಲ್ಲಿ ‘ನೇಚರ್ ಮೆಷಿನ್ ಇಂಟೆಲಿಜೆನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಗಣ್ಯವಾದುದು. ವೈದ್ಯಶಾಸ್ತ್ರದ ವಿಚಾರವನ್ನು ವೈದ್ಯರಿಗೆ ಬಿಟ್ಟು, ಅದರ ಪ್ರತಿಜ್ಞೆಗೂ ಪ್ರಮಾಣಕ್ಕೂ ಇರುವ ಸಂಬಂಧವನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇವೆ.

ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವು ಏರಿದರೆ, ಅದಕ್ಕೆದುರಾಗಿ ರಕ್ತವನ್ನು ತಳ್ಳಬೇಕಾದ ಬಲ ಹೃತ್ಕುಕ್ಷಿಯು ಕ್ರಮೇಣ ಬಳಲುತ್ತದೆ. ಈ ವ್ಯಾಧಿಯುಳ್ಳ 302 ಮಂದಿಯ ಎಂ.ಆರ್.ಐ. ಚಿತ್ರಮಾಲೆಗಳನ್ನು ಲೇಖಕರು ಆರಿಸಿಕೊಂಡಿದ್ದಾರೆ. ಕೃತಕ ಬುದ್ಧಿಯ ಒಂದು ಜಾಲವು ಚಿತ್ರಗಳಲ್ಲಿ ಹೃದಯದ ಅಂಚನ್ನು ಗುರುತಿಸುತ್ತದೆ. ಆ ಅಂಚಿನ ಬಿಂದುಗಳು ಒಂದು ಬಡಿತದಲ್ಲಿ ಎಲ್ಲಿಂದೆಲ್ಲಿಗೆ ಸರಿದುವೆಂಬ ಲೆಕ್ಕವನ್ನು ಇನ್ನೊಂದು ಜಾಲವು, ಯಾರು ಎಷ್ಟು ಕಾಲ ಬದುಕಿದರೆಂಬ ವಿವರದೊಡನೆ ಹೊಂದಿಸಿ ಕಲಿಯುತ್ತದೆ. ಹೀಗೆ ಚಲನೆಯನ್ನೇ ಹೇತುವಾಗಿ ನಿಲ್ಲಿಸಿರುವುದು ಪ್ರಬಂಧದ ದೊಡ್ಡ ಗುಣ. ಹೃದಯದ ಯಾವ ಭಾಗದ ಚಲನೆಯು ತೀರ್ಪಿನಲ್ಲಿ ಹೆಚ್ಚು ತೂಗಿತೆಂಬುದನ್ನು ಲೇಖಕರು ಚಿತ್ರಿಸಿಯೂ ತೋರಿಸಿದ್ದಾರೆ. ಇದು ಶ್ಲಾಘ್ಯ.

ಫಲವಾಗಿ ಯಂತ್ರಕ್ಕೆ ಬಂದ ಅಂಕ 0.75, ‘ಮಾನವ ಮಾನದಂಡ’ಕ್ಕೆ ಬಂದದ್ದು 0.59. ಇವುಗಳ ಅರ್ಥವೇನು? ಇಬ್ಬರು ರೋಗಿಗಳಲ್ಲಿ ಯಾರು ಮೊದಲು ಮೃತರಾಗುವರೆಂದು ಕೇಳಿದರೆ, ಹೋಲಿಸಬಹುದಾದ ಅಂತಹ ನಾಲ್ಕು ಜೋಡಿಗಳಲ್ಲಿ ಸುಮಾರು ಮೂರರ ಕ್ರಮವನ್ನು ಯಂತ್ರವು ಸರಿಯಾಗಿ ಹೇಳಿತೆಂದಷ್ಟೇ ಅರ್ಥ. ನಾಣ್ಯವನ್ನು ಚಿಮ್ಮಿ ಹೇಳಿದರೂ 0.5 ಬರುತ್ತದೆ. ಯಾರು ಮೊದಲು ಎಂಬ ಪ್ರಶ್ನೆಯೇ ಬೇರೆ, ಯಾವಾಗ ಎಂಬ ಪ್ರಶ್ನೆಯೇ ಬೇರೆ. ‘ಮಾನವ’ ಎಂಬ ಪದವಂತೂ ಭ್ರಾಂತಿಗೆ ಎಡೆಗೊಡುತ್ತದೆ. ಯಂತ್ರಕ್ಕೆ ಎದುರಾಗಿ ನಿಂತವನು ರೋಗಿಯ ಮಾತನ್ನು ಕೇಳಿ, ನಾಡಿ ಹಿಡಿದು ನೋಡಿದ ವೈದ್ಯನಲ್ಲ. ಮನುಷ್ಯರು ಚಿತ್ರದಿಂದ ಅಳೆದು ತೆಗೆದ ಹೃತ್ಕುಕ್ಷಿಯ ಗಾತ್ರವೇ ಮೊದಲಾದ ಕೆಲವು ಸಂಖ್ಯೆಗಳು. ಸೋತದ್ದು ಹಳೆಯ ಅಳತೆಯೇ ಹೊರತು ವೈದ್ಯನ ವಿವೇಕವಲ್ಲ.

ಮುಖ್ಯವಾದ ಆಕ್ಷೇಪವು ವ್ಯಾಪ್ತಿಗೆ ಸಂಬಂಧಿಸಿದ್ದು. ಬೆಂಕಿಯಿರುವುದರಿಂದ ಹೊಗೆಯಿದೆಯೆಂದು ಸಾಧಿಸುವವನಿಗೆ ನಮ್ಮ ತಾರ್ಕಿಕರು ಹಸಿ ಸೌದೆಯೆಂಬ ಉಪಾಧಿಯನ್ನು ನೆನಪಿಸುತ್ತಾರೆ. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಈ 302 ಮಂದಿಯೂ ಒಂದೇ ಕೇಂದ್ರದ ರೋಗಿಗಳು; ಪರೀಕ್ಷೆಯೂ ಅದೇ ಸಮೂಹದಿಂದ ಮತ್ತೆ ಮತ್ತೆ ಮಾದರಿಗಳನ್ನೆತ್ತಿ ನಡೆಸಿದ್ದು. ಅಲ್ಲಿಯ ಚಿತ್ರಯಂತ್ರ, ಅಲ್ಲಿಗೆ ಬರುವ ರೋಗಿಗಳ ಬಗೆ, ಅಲ್ಲಿಯ ಚಿಕಿತ್ಸಾಕ್ರಮ—ಇವುಗಳಲ್ಲಿ ಯಾವುದು ಹಸಿ ಸೌದೆಯೋ ಪ್ರಬಂಧದೊಳಗಿನಿಂದ ತಿಳಿಯಲಾರದು. ಈ ಕೊರತೆಯನ್ನು ಲೇಖಕರೇ ಒಪ್ಪಿಕೊಂಡಿದ್ದಾರೆ. ಇದು ಬರಿಯ ಶಂಕೆಯೂ ಅಲ್ಲ. ಹೃದಯದ ಪ್ರತಿ ಬಡಿತಕ್ಕೆ ಶೇಕಡಾ ಎಷ್ಟು ರಕ್ತ ಹೊರಬೀಳುವುದೆಂದು ಪ್ರತಿಧ್ವನಿಚಿತ್ರಗಳಿಂದ ಅಳೆಯಲು ಸ್ಟ್ಯಾನ್‌ಫರ್ಡಿನವರು 2020ರಲ್ಲಿ ಪ್ರಕಟಿಸಿದ ಯಂತ್ರವಿಧಾನದಲ್ಲಿ, ತಮ್ಮ ಚಿತ್ರಗಳಲ್ಲಿ ಸರಾಸರಿ 4.1 ಅಂಶದಷ್ಟಿದ್ದ ತಪ್ಪು ಬೇರೆ ಆಸ್ಪತ್ರೆಯ ಚಿತ್ರಗಳಲ್ಲಿ 6.0ಕ್ಕೆ ಏರಿತು. ಅಳತೆಯ ಗತಿಯೇ ಹೀಗಾದರೆ, ಆಯುಸ್ಸಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಡವೆ?

ಇದನ್ನು ಪದಗಳ ಜಗಳವೆಂದು ತಳ್ಳಿಬಿಡುವಂತಿಲ್ಲ. ಈ ವ್ಯಾಧಿಯಲ್ಲಿ ಯಾರಿಗೆ ಬಲವಾದ ಔಷಧ, ಯಾರನ್ನು ಶ್ವಾಸಕೋಶದ ಕಸಿಗೆ ಕಳುಹಿಸಬೇಕು ಎಂಬ ನಿರ್ಣಯಗಳು ಅಪಾಯದ ಅಂದಾಜನ್ನು ಅವಲಂಬಿಸಿವೆ. ಯಂತ್ರವು ‘ಭವಿಷ್ಯ ನುಡಿಯುತ್ತದೆ’ ಎಂದು ಕನ್ನಡದಲ್ಲಿ ಬರೆಯುವವರು ಜ್ಯೋತಿಷಿಯ ನಿಶ್ಚಯವನ್ನು ಗಣಿತಕ್ಕೆ ಅಂಟಿಸುತ್ತಾರೆ. ರೋಗಿಯು ಅದನ್ನು ವಿಧಿಯೆಂದೇ ಕೇಳಿಸಿಕೊಳ್ಳುತ್ತಾನೆ. ‘ಅನುಮಾನ’ವೆಂಬ ಪದವು ಇಲ್ಲಿಗೆ ಹೆಚ್ಚು ಒಪ್ಪುತ್ತದೆ. ಶಾಸ್ತ್ರದಲ್ಲಿ ಅದು ಹೇತುವಿನಿಂದ ಹುಟ್ಟುವ ಜ್ಞಾನಕ್ಕೆ ಸಾಧನ. ನಮ್ಮ ಆಡುಮಾತಿನಲ್ಲಿ ಸಂಶಯ. ಈ ಪ್ರಬಂಧದ ಫಲಕ್ಕೆ ಎರಡು ಅರ್ಥಗಳೂ ಸಲ್ಲುತ್ತವೆ.