ತೆರೆದ ಕೋಡ್, ಮುಚ್ಚಿದ ಫೋನ್

ಐರೋಲಿಯಲ್ಲಿ ಬಾಡಿಗೆಗಿರುವ ನಮ್ಮಂಥವರು ಸಾಮಾನ್ಯವಾಗಿ ಸಹಿ ಹಾಕುವುದು ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರಿಗೆ. ವಾಸಕ್ಕೆ ಅನುಮತಿ ಉಂಟು, ಮನೆಯ ಮೇಲೆ ಹಕ್ಕಿಲ್ಲ. ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕು. ಪೂರ್ತಿ ದುಡ್ಡು ಕೊಟ್ಟು ತಂದ ಫೋನಿನ ತಂತ್ರಾಂಶವೂ ಲೈಸೆನ್ಸಿನ ಮೇಲೆಯೇ ನಮ್ಮ ಕೈಗೆ ಬರುವುದು. ಅದರ ಷರತ್ತುಗಳನ್ನು ಮಾತ್ರ ನಾವು ಓದುವುದಿಲ್ಲ.

‘ಐಫೋನ್ ಮುಚ್ಚಿದ್ದು, ಆಂಡ್ರಾಯ್ಡ್ ಮುಕ್ತ’ ಎಂದು ಮಾತು ಮುಗಿಸುವವರ ಬಗ್ಗೆ ನನ್ನ ತಕರಾರಿದೆ. ಆಂಡ್ರಾಯ್ಡಿನ ತಳಪಾಯ ಮುಕ್ತ, ನಿಜ. ಅಡಿಯಲ್ಲಿ ಲಿನಕ್ಸ್ ಕರ್ನಲ್ ಇದೆ, ಅದರ ಮೇಲಿನ ಬಹುಭಾಗ ಅಪಾಚೆ ಲೈಸೆನ್ಸಿನಲ್ಲಿ ಎಲ್ಲರಿಗೂ ಸಿಗುತ್ತದೆ. ಆದರೆ ಪ್ಲೇ ಸ್ಟೋರ್, ಪ್ಲೇ ಸರ್ವಿಸಸ್ ಗೂಗಲ್‌ನ ಸ್ವಂತದ್ದು. ಆಂಡ್ರಾಯ್ಡ್ ಮಾರುಕಟ್ಟೆಯಲ್ಲಿ ತನ್ನ ಪ್ರಾಬಲ್ಯವನ್ನು ದುರುಪಯೋಗ ಮಾಡಿಕೊಂಡಿದೆ ಎಂದು ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು.

ಕನ್ನಡ ಓದುಗರಿಗೆ ಈ ವ್ಯತ್ಯಾಸದ ಬಿಸಿ ಅದಕ್ಕೂ ಮೊದಲೇ ತಟ್ಟಿತ್ತು. ಆಂಡ್ರಾಯ್ಡ್ 2.3ರ ಕಾಲದಲ್ಲಿ ಕನ್ನಡದ ಪುಟ ತೆರೆದರೆ ಕಾಣುತ್ತಿದ್ದದ್ದು ಸಾಲುಸಾಲು ಚೌಕಗಳು. ಒಪೆರಾ ಮಿನಿಯ ಸೆಟ್ಟಿಂಗ್ ಬದಲಿಸಿ, ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಓದಬೇಕಿತ್ತು. 2012ರಲ್ಲಿ ಬಂದ 4.1ರಲ್ಲಿ ಕನ್ನಡ ಸೇರಿತು. ಆದರೆ ನಮ್ಮ ಕೈಯಲ್ಲಿದ್ದ ಫೋನಿಗೆ ಆ ಆವೃತ್ತಿ ಕೊಡುವುದೋ ಬಿಡುವುದೋ ತಯಾರಕರ ಮರ್ಜಿ. ಕೋಡ್ ಊರಿಗೆಲ್ಲ ತೆರೆದಿತ್ತು, ಫೋನ್ ನಮಗೇ ಮುಚ್ಚಿತ್ತು. ಬೂಟ್‌ಲೋಡರ್ ತೆರೆಯಲು ಬರುವ ಫೋನಿದ್ದ ಕೆಲವರು ಸಯಾನೋಜೆನ್‌ಮಾಡ್ ಹಾಕಿಕೊಂಡು ಹೊಸ ಆವೃತ್ತಿ ಪಡೆದರು. ಆ ಕೆಲಸವೇ 2016ರ ಕೊನೆಯಿಂದ ಲಿನಿಯೇಜ್ ಓಎಸ್ ಹೆಸರಿನಲ್ಲಿ ಮುಂದುವರಿದಿದೆ.

ಇನ್ನೊಂದು ನಿದರ್ಶನ ಐರೋಲಿಯಿಂದ ಎರಡೇ ನಿಲ್ದಾಣ ದೂರದ್ದು. ಘನ್ಸೋಲಿಯ ರಿಲಯನ್ಸ್ ಕಾರ್ಪೊರೇಟ್ ಪಾರ್ಕಿನಲ್ಲಿ ಜಿಯೋ ಇದೆ. 2017ರ ಜಿಯೋಫೋನ್ ಓಡುತ್ತಿದ್ದದ್ದು ಕೈಓಎಸ್ ಮೇಲೆ. ಅದರ ಮೂಲ ಮೊಜಿಲ್ಲಾದ ಮುಕ್ತ ಫೈರ್‌ಫಾಕ್ಸ್ ಓಎಸ್. 2014ರಲ್ಲಿ ಇಂಟೆಕ್ಸ್ ನಮ್ಮ ದೇಶದಲ್ಲಿ 1,999 ರೂಪಾಯಿಗೆ ಮಾರಿದ ಫೋನಿನಲ್ಲಿದ್ದದ್ದೂ ಅದೇ. ಮೊಜಿಲ್ಲಾ ಫೋನಿನ ಕೆಲಸ ಕೈಬಿಟ್ಟ ಮೇಲೂ ಆ ಕೋಡ್ ಸಾಯಲಿಲ್ಲ. ಇನ್ನೊಂದು ಕಂಪನಿ ಅದನ್ನು ಬೆಳೆಸಿತು, 1,500 ರೂಪಾಯಿ ಠೇವಣಿಯ ಫೋನಾಗಿ ಅದು ಹಳ್ಳಿಗಳನ್ನು ತಲುಪಿತು. ಮುಚ್ಚಿದ ತಂತ್ರಾಂಶಕ್ಕೆ ಇಂಥ ಪುನರ್ಜನ್ಮ ಸಿಗುವುದು ಅಪರೂಪ. ಆದರೆ ಆ ಫೋನಿಗೆ ಜಿಯೋ ಬಿಟ್ಟು ಬೇರೆ ಸಿಮ್ ಹಾಕುವಂತಿರಲಿಲ್ಲ. ಎಲ್ಲರ ಬೀಜದಿಂದ ಬೆಳೆದ ಗಿಡ ಒಬ್ಬರ ಬೇಲಿಯೊಳಗೆ ಉಳಿಯಿತು.

ಮುಕ್ತ ಫೋನಿನ ಪರ ವಾದಿಸುವವರೂ ಒಂದು ಮಾತನ್ನು ನುಂಗಿಕೊಳ್ಳುತ್ತಾರೆ. ಬೇರೆ ಓಎಸ್ ಹಾಕಿದ ಫೋನಿನಲ್ಲಿ ಕೆಲವು ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಓಡುವುದಿಲ್ಲ. ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆ ಪಾಸಾಗದ ಫೋನನ್ನು ಅವು ಹೊರಗಿಡಬಲ್ಲವು. ಸಂಬಳ ಬಂದ ದಿನ ಊರಿಗೆ ಹಣ ಕಳಿಸಬೇಕಾದವರಿಗೆ ಇದು ಸಣ್ಣ ತೊಂದರೆಯಲ್ಲ. ಆದ್ದರಿಂದ ‘ನಾಳೆಯೇ ಬದಲಿಸಿ’ ಎನ್ನುವ ಉಪದೇಶ ನನಗೆ ಒಪ್ಪಿಗೆಯಿಲ್ಲ.

ನನ್ನ ಸಲಹೆ ಇಷ್ಟೇ. ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ: ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ? ಬೂಟ್‌ಲೋಡರ್ ತೆರೆಯಲು ಕಂಪನಿ ಬಿಡುತ್ತದೆಯೇ? ಕಂಪನಿ ಕೈಬಿಟ್ಟ ಮೇಲೆ ಲಿನಿಯೇಜ್‌ನಂಥದ್ದು ಅದಕ್ಕೆ ಸಿಗುತ್ತದೆಯೇ? ಪ್ರಯೋಗಕ್ಕೆ ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಫೋನ್ ಸಾಕು. ಲಿನಿಯೇಜ್ ಪಟ್ಟಿಯಲ್ಲಿ ಅದರ ಮಾಡೆಲ್ ಇದ್ದರೆ, ಒಂದು ಭಾನುವಾರ ಕೂತು ಹಾಕಿ, ಎಫ್-ಡ್ರಾಯ್ಡ್‌ನಿಂದ ಬೇಕಾದ ಆ್ಯಪ್ ಇಳಿಸಿಕೊಳ್ಳಿ. ಹಣದ ವ್ಯವಹಾರ ಹೊಸ ಫೋನಿನಲ್ಲೇ ಇರಲಿ. ಕನ್ನಡ ಓದುವುದಕ್ಕೂ ಬರೆಯುವುದಕ್ಕೂ ಹಳೆಯದು ಇನ್ನೂ ಕೆಲವು ವರ್ಷ ಬಾಳುತ್ತದೆ.