ಕಾಣ್ಕೆಯೂ ಸಾಕ್ಷ್ಯವೂ: ‘ದಿ ಗಿಫ್ಟ್’ ಚಿತ್ರವನ್ನು ಕುರಿತು

ಅಪರಾಧ ಕಥನದೊಳಕ್ಕೆ ಅತೀಂದ್ರಿಯ ದೃಷ್ಟಿಯುಳ್ಳ ಪಾತ್ರವೊಂದನ್ನು ತಂದೊಡನೆ ತೊಡಕು ಹುಟ್ಟಿಕೊಳ್ಳುತ್ತದೆ. ಆಕೆಗೆ ಎಲ್ಲವೂ ಕಾಣುವುದಾದರೆ ತನಿಖೆಗೆ ಎಡೆಯಿಲ್ಲ. ಏನೂ ಕಾಣದಿದ್ದರೆ ಕಥೆಗೆ ಆಕೆಯೇ ಬೇಕಿಲ್ಲ. ಸ್ಯಾಮ್ ರೈಮಿ ನಿರ್ದೇಶನದ, ಬಿಲ್ಲಿ ಬಾಬ್ ಥಾರ್ನ್‌ಟನ್ ಮತ್ತು ಟಾಮ್ ಎಪರ್ಸನ್ ಬರೆದ ‘ದಿ ಗಿಫ್ಟ್’ (2000) ಚಿತ್ರವು ಈ ತೊಡಕನ್ನು ಬಿಡಿಸಿಕೊಳ್ಳುವ ಬಗೆ ವಿವೇಚನೆಗೆ ಯೋಗ್ಯವಾಗಿದೆ.

ಅಮೆರಿಕದ ಜಾರ್ಜಿಯಾ ಸೀಮೆಯ ಸಣ್ಣ ಊರಿನಲ್ಲಿ, ಮೂವರು ಗಂಡುಮಕ್ಕಳ ತಾಯಿಯಾದ ವಿಧವೆ ಆನಿ ವಿಲ್ಸನ್ (ಕೇಟ್ ಬ್ಲ್ಯಾಂಚೆಟ್) ಎಲೆಗಳನ್ನು ಹರಡಿ ಕಣಿ ಹೇಳುತ್ತ ಸಂಸಾರ ತೂಗಿಸುತ್ತಾಳೆ. ಸಿರಿವಂತನ ಮಗಳು ಜೆಸ್ಸಿಕಾ ಕಾಣೆಯಾದಾಗ ಆನಿಯ ಕಾಣ್ಕೆಯ ಜಾಡು ಹಿಡಿದು ಹೋದವರಿಗೆ ಡಾನಿ ಬಾರ್ಕ್ಸ್‌ಡೇಲ್‌ನ ಕೊಳದಲ್ಲಿ ಶವ ಸಿಗುತ್ತದೆ. ಹೆಂಡತಿಯನ್ನು ಬಡಿಯುವ, ಆನಿಯನ್ನೂ ಬೆದರಿಸಿದ್ದ ಡಾನಿಯೇ ಅಪರಾಧಿಯೆಂದು ತೀರ್ಪಾಗುತ್ತದೆ. ಕೊಲೆಗಾರ ಬೇರೆಯವನೆಂಬ ಸೂಚನೆ ಆನಿಗೆ ದೊರೆಯುವುದು ಆಮೇಲೆ.

ಕನ್ನಡ ವಿದ್ಯಾರ್ಥಿಗೆ ಇಲ್ಲಿ ದುರ್ಗಸಿಂಹನ ‘ಪಂಚತಂತ್ರ’ದ ವಟವೃಕ್ಷದ ಸಾಕ್ಷಿ ನೆನಪಾಗದಿರದು. ದುಷ್ಟಬುದ್ಧಿಯು ತಂದೆಯನ್ನು ಮರದ ಪೊಟರೆಯಲ್ಲಿ ಅಡಗಿಸಿ ಸಾಕ್ಷಿ ನುಡಿಸುತ್ತಾನೆ. ಧರ್ಮಬುದ್ಧಿಯು ಹೊಗೆಯಿಕ್ಕಿ ಮೋಸವನ್ನು ಬಯಲಿಗೆಳೆಯುತ್ತಾನೆ. ಅಲ್ಲಿ ಅಲೌಕಿಕವೆನಿಸಿದ ಸಾಕ್ಷ್ಯವೇ ಸುಳ್ಳು. ಇಲ್ಲಿಯಾದರೋ ಕಾಣ್ಕೆ ಸುಳ್ಳಲ್ಲ. ಶವವೂ ನಿಜ, ಕೊಳವೂ ನಿಜ. ಕೊಳದಿಂದ ಕೊಳದ ಒಡೆಯನಿಗೆ ಜಿಗಿದದ್ದು ಊರಿನ ಊಹೆ. ಪ್ರತಿವಾದಿಯ ವಕೀಲನು ಆನಿಯ ಶಕ್ತಿಯನ್ನು ಗೇಲಿಮಾಡುತ್ತಾನೆಯೇ ಹೊರತು ಆ ಊಹೆಗೆ ಹೊಗೆಯಿಕ್ಕಲಾರ. ಸರಕಾರಿ ವಕೀಲನಿಗೂ ಜೆಸ್ಸಿಕಾಳಿಗೂ ಇದ್ದ ಗುಪ್ತ ಸಂಬಂಧವನ್ನಂತೂ ಆನಿ ಕಂಡದ್ದು ಚರ್ಮಚಕ್ಷುಗಳಿಂದಲೇ! ನ್ಯಾಯಾಲಯಕ್ಕೆ ಪ್ರಯೋಜನವಾಗಬಹುದಾಗಿದ್ದ ಈ ನೋಟವನ್ನು ಆಕೆ ವಿಚಾರಣೆಯಲ್ಲಿ ಹೊರಗೆಡಹುವುದಿಲ್ಲ.

ನನ್ನ ಮಟ್ಟಿಗೆ ಚಿತ್ರದ ನಿಜವಾದ ಕೇಂದ್ರ ಕೊಲೆಯಲ್ಲ, ಗ್ಯಾರೇಜಿನ ಯುವಕ ಬಡ್ಡಿ ಕೋಲ್ (ಜೋವಾನಿ ರಿಬಿಸಿ). ಬಾಲ್ಯದಲ್ಲಿ ತಂದೆಯಿಂದಲೇ ದೌರ್ಜನ್ಯಕ್ಕೊಳಗಾದ ಈತನಿಗೆ ಮನಸ್ಸಿನಲ್ಲಿ ಸುಳಿಯುವ ನೀಲಿ ವಜ್ರವೊಂದರ ಅರ್ಥ ತಿಳಿಯಬೇಕು. ಅಂಗಲಾಚುವ ಅವನನ್ನು ಆನಿ ತನ್ನ ಗಡಿಬಿಡಿಯಲ್ಲಿ ಸಾಗಹಾಕುತ್ತಾಳೆ. ಪರಿಣಾಮ ಭೀಕರ: ಆತ ತಂದೆಯನ್ನು ಕಟ್ಟಿ ಬೆಂಕಿಯಿಡುತ್ತಾನೆ. ನೀರಿನಾಳದ ಹೆಣವನ್ನು ಕಾಣಬಲ್ಲವಳಿಗೆ ಎದುರು ನಿಂತವನ ಮಾತಿಗೆ ಕಿವಿಗೊಡಲಾಗಲಿಲ್ಲ. ರಿಬಿಸಿಯ ಅಭಿನಯವು ಈ ಭಾಗಕ್ಕೆ ತಂದಿರುವ ತೀವ್ರತೆಯ ಮುಂದೆ ಕೊಲೆಗಾರನ ಶೋಧವೆಲ್ಲ ಸಪ್ಪೆಯೆನಿಸುತ್ತದೆ.

ಕೊನೆಯ ಭಾಗದ ಬಗ್ಗೆ ನನಗೆ ತಕರಾರಿದೆ. ಕೊಲೆಗಾರನ ಕೈಗೆ ಸಿಕ್ಕ ಆನಿಯನ್ನು ಬಡ್ಡಿ ಬಂದು ಪಾರುಮಾಡುತ್ತಾನೆ. ಆತ ಅದಕ್ಕೂ ಮೊದಲೇ ನೇಣುಹಾಕಿಕೊಂಡು ಸತ್ತಿದ್ದನೆಂದು ಅನಂತರ ತಿಳಿಯುತ್ತದೆ. ಬೆರಗು ಹುಟ್ಟಿಸುವ ತಿರುವೇನೋ ಹೌದು. ಆದರೆ ಆನಿ ಯಾರ ಅಳಲನ್ನು ಕೇಳಲಿಲ್ಲವೋ ಆತನ ಕೈಯಿಂದಲೇ ಆಕೆಗೆ ಅಭಯ ಕೊಡಿಸುವುದರಿಂದ, ಆಕೆ ಹೊರಬೇಕಾಗಿದ್ದ ಹೊಣೆಯನ್ನು ಚಿತ್ರವೇ ಇಳಿಸಿಬಿಟ್ಟಂತಾಗಿದೆ.